ಸ್ವೆಟರ್ ಹಾಕಿಕೊಂಡು ಸಮುದ್ರಕ್ಕೆ

ಜುಲೈ ತಿಂಗಳ ಒಂದು ಭಾನುವಾರ, ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ಬೀಚಿನಲ್ಲಿ ಐಸ್‌ಕ್ರೀಮಿಗೆ ಸಾಲು. ನನ್ನ ಮುಂದೆ ಸ್ವೆಟರ್ ತೊಟ್ಟ ಮುದುಕ, ಅವನ ಪಕ್ಕದಲ್ಲಿ ಈಗಷ್ಟೇ ಈಜಿ ಬಂದ ಸೊಸೆ, ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಾನೂ ಸ್ವೆಟರಿನಲ್ಲೇ ಇದ್ದೆ. ನಾವಿಬ್ಬರೂ ಈ ಊರಿನವರು.

“ಸ್ವೆಟರ್ ಹಾಕ್ಕೊಂಡು ಬೀಚಿಗೆ ಬರೋರನ್ನ ಇವತ್ತೇ ನೋಡಿದ್ದು, ಮಾವ.”

“ಚಳಿಗಾಲ ಕಣಮ್ಮ ಬ್ರಿಯೊನಿ.”

“ನಮ್ಮ ಹೋಬಾರ್ಟ್‌ನಲ್ಲಿ ಬೇಸಿಗೇಲೂ ನೀರು ಇಷ್ಟು ಬೆಚ್ಚಗಿರಲ್ಲ. ಸರಿ, ಬೇಸಿಗೇಲಾದ್ರೂ ಇಳೀತೀರಾ?”

“ಬೇಸಿಗೇಲಿ ಜೆಲ್ಲಿ ಮೀನು ಬರುತ್ತೆ. ಕುಟುಕಿದ್ರೆ ಆಸ್ಪತ್ರೇನೇ ಗತಿ.”

“ಈಜೋ ಕಡೆ ಅವು ಬರದ ಹಾಗೆ ಸುತ್ತ ಬಲೆ ಕಟ್ತಾರಂತಲ್ಲ?”

“ಬಲೆ ಒಳಗೆಲ್ಲ ಟೂರಿಸ್ಟ್‌ಗಳೇ ತುಂಬಿರ್ತಾರೆ.”

“ಹಾಗಾದ್ರೆ ನೀವು ಈಜೋದು ಯಾವಾಗ?”

“ನಿಂಗೆ ಯಾವುದು ಬೇಕು ಹೇಳು. ಚಾಕಲೇಟಾ, ಮ್ಯಾಂಗೋನಾ?”

“ಮಾತು ತಿರುಗಿಸಬೇಡಿ. ಅತ್ತೆ ನಂಗೆಲ್ಲ ಹೇಳಿದ್ದಾರೆ.”

ಮುದುಕ ಒಮ್ಮೆ ಹಿಂದೆ ತಿರುಗಿ ನೋಡಿದ. ನಾನು ಸಮುದ್ರದ ಕಡೆ ನೋಡಿದೆ.

“ಏನಂತ?”

“ನಿಮಗೆ ಈಜೇ ಬರಲ್ಲ ಅಂತ. ನಿಮ್ಮ ಮಗ ನೋಡಿದ್ರೆ, ಅಪ್ಪಾನೇ ನಂಗೆ ಈಜು ಕಲಿಸಿದ್ದು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಾನೆ.”

“ಸುಳ್ಳೇನಲ್ಲ. ಕಲಿಸಿದ್ದು ನಾನೇ. ದಡದಲ್ಲಿ ನಿಂತು ಕೂಗಿ ಹೇಳ್ತಿದ್ದೆ.”

“ಅವನು ಮುಳುಗಿದ್ದಿದ್ರೆ?”

“ಅದೇ ಭಯಕ್ಕೇ ಅಷ್ಟು ಜೋರಾಗಿ ಕೂಗ್ತಿದ್ದೆ. ಅವನಿಗೆ ಹೇಳಬೇಡ.”

“ಹೇಳಲ್ಲ. ನೀವೂ ಕಲೀರಿ. ನಾನು ಕಲಿಸ್ತೀನಿ, ನೀರಲ್ಲಿ ನಿಂತು.”

“ಚಳಿ ಕಡಿಮೆ ಆಗ್ಲಿ, ನೋಡೋಣ.”

“ಆಮೇಲೆ ಜೆಲ್ಲಿ ಮೀನು ಬರುತ್ತೆ, ಮಾವ.”

ಐಸ್‌ಕ್ರೀಮ್ ಹಿಡಿದು ಇಬ್ಬರೂ ಮರಳಿಗಿಳಿದರು. ನೀರಿನ ಅಂಚಿಗೆ ಹೋದ ಮೇಲೆ ಮುದುಕ ತನ್ನ ಕೋನನ್ನೂ ಅವಳ ಕೈಗೆ ಕೊಟ್ಟು, ಸ್ವೆಟರ್ ಬಿಚ್ಚತೊಡಗಿದ.