ಹಾಳಬಾವಿ ಹತ್ತಿರ ನೀರು ಕೇಳಿದವನು

ಬಾಗಿಲು ಹಾಕ್ರಿ ಮೊದಲು. ಹಾಂ... ಈಗ ಕೇಳ್ರಿ.

ಧೈರ್ಯದ ಮಾತು ಬಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಈ ನಿಮ್ಮ ಕಾಕಾನ ಸರಿಸಾಟಿ ಯಾರೂ ಇಲ್ಲ. ಹಿಡಕಲ್ ಡ್ಯಾಮಿನ ಮೊಸಳೆಗೆ ನಾನೊಮ್ಮೆ ಗದರಿಸಿದ್ದಕ್ಕೆ ಅದು ಇವತ್ತಿಗೂ ತಲೆ ತಗ್ಗಿಸಿಕೊಂಡೇ ಈಜುತ್ತದೆ. ಅದನ್ನು ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ಇದು ನನ್ನ ಚಿಕ್ಕಪ್ಪನ ಮಗ ಪರಸಪ್ಪನಿಗೆ ಆದದ್ದು. ಇದಕ್ಕೆ ನಾನು ಉಪ್ಪು ಖಾರ ಹಚ್ಚಿಲ್ಲ.

ಪರಸಪ್ಪ ಕುರಿ ಕಾಯುವ ಮನೆತನದವನು, ಬೀರಪ್ಪನ ಕಟ್ಟಾ ಭಕ್ತ. ಹಣೆ ಮೇಲೆ ಭಂಡಾರದ ಅರಿಶಿನ ಇಲ್ಲದೆ ಅವನನ್ನು ಹೆಂಡತಿ ಯಲ್ಲಕ್ಕನೂ ನೋಡಿಲ್ಲ. ಅವರ ಮಗಳು ಭಾಗ್ಯಾಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೆಯದು ದಿನ ತುಂಬಿದಾಗ ಪರಸಪ್ಪ ಹರಕೆ ಹೊತ್ತ. ಅಮಾವಾಸ್ಯೆ ರಾತ್ರಿ ಹೊಳೆಯಲ್ಲಿ ಮುಳುಗೆದ್ದು, ಒದ್ದೆ ಧೋತರದಲ್ಲೇ ಒಂದು ಕೊಡ ನೀರು ಹೊತ್ತು ತಂದು ಗುಡ್ಡದ ಬೀರಪ್ಪನಿಗೆ ಎರೆಯುವ ಹರಕೆ. ಅದಕ್ಕೆ ಕಟ್ಟುನಿಟ್ಟು ಬಹಳ. ದಾರಿಯಲ್ಲಿ ಮಾತಾಡಬಾರದು. ಕೊಡ ನೆಲಕ್ಕೆ ಇಡಬಾರದು. ದೇವರಿಗೆ ಮುಟ್ಟುವ ಮುಂಚೆ ಆ ನೀರಿನ ಹನಿಯೂ ಇನ್ನೊಬ್ಬರ ಬಾಯಿಗೆ ಹೋಗಬಾರದು. ತಪ್ಪಿದರೆ ಹರಕೆ ಹೋಯಿತು. ಹರಕೆ ಹೋದರೆ... ಮುಂದಿನದನ್ನು ಪರಸಪ್ಪ ಮನಸ್ಸಿನಲ್ಲೂ ಅಂದುಕೊಳ್ಳುತ್ತಿರಲಿಲ್ಲ.

ಆ ಅಮಾವಾಸ್ಯೆಗೇ ಭಾಗ್ಯಾಗೆ ನೋವು ಕಾಣಿಸಿಕೊಂಡು, ಯಲ್ಲಕ್ಕ ಅವಳನ್ನು ಗೋಕಾಕದ ದವಾಖಾನಿಗೆ ಕರೆದೊಯ್ದಿದ್ದಳು. ಮನೆಯ ಕಟ್ಟೆ ಮೇಲೆ ಯಲ್ಲಕ್ಕನ ತಮ್ಮ ಅಜಿತ ಕೂತಿದ್ದ. ಟೆಂಪೋ ಹೊಡೆಯುವವನು. ಯಾವ ಗುಡಿಗೂ ಕೈ ಮುಗಿಯದವನು.

"ಮಾವಾ, ದೇವರಿಗಿ ನೀರ ಹೊರತಿ. ಮನಶ್ಯಾಗ ಹೊರತಿ ಏನ? ಹ್ವಾದ ವರ್ಷ ನನ್ನ ಗಾಡಿ ಕೆಟ್ಟ ನಿಂತಾಗ ಪಾದಯಾತ್ರಿ ಮಂದಿ ಸಾಲಹಿಡದ ಹೊಂಟಿದ್ರು. ಭಜನಿ ಏನ, ಜೈಕಾರ ಏನ! ಒಬ್ಬಾಂವರ ದಬ್ಬಾಕ ಕೈ ಹಚ್ಚಲಿಲ್ಲ."

"ದೇವರ ಅಂಜಿಕಿ ಇದ್ದಾಂವಗನ ಮಂದಿ ಮ್ಯಾಲ ಕಕ್ಕುಲಾತಿ ಇರತೈತಿ, ಅಜಿತ್ಯಾ. ನಿನಗ ಯಾರ ಅಂಜಿಕಿ?"

"ನಮ್ಮಕ್ಕನ ಅಂಜಿಕಿ ಸಾಕಾಗೇತಿ, ಮಾವಾ!"

ಪರಸಪ್ಪ ನಕ್ಕ. ಕಂಬಳಿ ಮಡಚಿ ಬಲ ಹೆಗಲಿಗೆ ಹಾಕಿಕೊಂಡ, ಖಾಲಿ ಕೊಡ ಹಿಡಿದ, ಹೊರಟ. ಅಜಿತ ಹುಕ್ಕೇರಿಗೆ ಬಾಡಿಗೆ ಇದೆ ಅಂತ ಟೆಂಪೋ ತೆಗೆದ.

ರಾತ್ರಿ... ಅಂಕಲಗಿ ಕಡೆಯ ಅಡ್ಡದಾರಿ. ಬರೀ ಮಣ್ಣು, ಎರಡೂ ಕಡೆ ಕಬ್ಬು. ತುಂಬಿದ ಕೊಡದ ಬಾಯಿಗೆ ಪರಸಪ್ಪ ಬಟ್ಟೆ ಬಿಗಿದು ಕಟ್ಟಿ, ಹೆಗಲ ಕಂಬಳಿ ಮೇಲೆ ಕೂರಿಸಿಕೊಂಡಿದ್ದ. ಹೆಜ್ಜೆಗೊಮ್ಮೆ ಒಳಗೆ ನೀರು, ಬುಳುಕ್... ಬುಳುಕ್. ಒದ್ದೆ ಧೋತರ ಮೊಣಕಾಲಿಗೆ ಬಡಿದು, ಪಟ್... ಪಟ್. ಬೇರೆ ಸದ್ದಿಲ್ಲ.

ಹಾಳಬಾವಿ ಬಂತು. ಅದರ ಬಾಜೂಕ್ಕೆ ಆಲದ ಮರ. ಅಲ್ಲಿ ನೀರು ಬೇಡುವ ದೆವ್ವ ಇದೆ ಅಂತ ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹರಕೆ ನೀರು ಹೊತ್ತವರನ್ನೇ ಆರಿಸಿ ಕರೆಯುತ್ತದಂತೆ. ಓಗೊಟ್ಟರೆ ಮುಗಿಯಿತು.

ಟಿಕ್... ಟಿಕ್... ಟಿಕ್...

ಪರಸಪ್ಪ ನಿಂತ. ಬಿಳಲುಗಳ ಕೆಳಗೆ, ನೆಲಕ್ಕೆ ಹತ್ತಿದಂತೆ, ಒಂದು ಹಳದಿ ಕಣ್ಣು. ತೆರೆಯಿತು. ಮುಚ್ಚಿತು. ತೆರೆಯಿತು...

"ಯಪ್ಪಾ... ನೀರ..."

ಗಂಡು ದನಿ. ಗಂಟಲಲ್ಲಿ ಮರಳು ತುಂಬಿದ ಹಾಗೆ.

"ಯಾರರ... ಒಂದ ಗುಟುಕ..."

ಗಾಳಿ ಈ ಕಡೆ ಬೀಸಿತು. ಅದರಲ್ಲಿ ಪೆಟ್ರೋಲಿನ ವಾಸನೆ ಇತ್ತು. ದೆವ್ವದ ಹತ್ತಿರ ಪೆಟ್ರೋಲು ಯಾಕೆ ನಾರಬೇಕು ಅಂತ ಪರಸಪ್ಪನಿಗೆ ಅನಿಸಿತು. ಖಂಡಿತ ಅನಿಸಿತು. ಆದರೆ ಅಷ್ಟರಲ್ಲೇ ಭಾಗ್ಯಾಳ ಮುಖ ಕಣ್ಣ ಮುಂದೆ ಬಂತು. ದೆವ್ವವೇ ಅಂದುಕೊಂಡ. ದೆವ್ವವೇ ಆಗಿರಲಿ ಅಂದುಕೊಂಡ. ಕೊಡ ಅವಚಿ ಹಿಡಿದು ನಡೆದ.

ಹಿಂದೆ ದನಿ ಸಣ್ಣದಾಯಿತು... ಆಮೇಲೆ ನಿಂತಿತು.

ಗುಡ್ಡ ಏರುವಾಗ ಗಮನಕ್ಕೆ ಬಂತು. ಪಟ್, ಪಟ್ ಮಾತ್ರ ಕೇಳುತ್ತಿದೆ. ಬುಳುಕ್ ಇಲ್ಲ. ಕೊಡದ ಭಾರ ಕಡಿಮೆಯಾಯಿತೇ ಅಂದರೆ ಅದೂ ಇಲ್ಲ, ಹೆಚ್ಚಾಗಿತ್ತು. ಒಬ್ಬ ಮನುಷ್ಯನನ್ನು ಹೊತ್ತ ಹಾಗೆ ಹೆಗಲು ಇಳಿದುಹೋಗುತ್ತಿತ್ತು.

ಬೀರಪ್ಪನ ಮುಂದೆ ಗಂಟು ಬಿಚ್ಚಿದ. ಅವನೇ ಹಾಕಿದ ಗಂಟು, ಸಡಿಲಾಗಿರಲಿಲ್ಲ. ಕೊಡ ಬಗ್ಗಿಸಿದ.

ಹನಿ ಬೀಳಲಿಲ್ಲ.

ಒಳಗೆ ಕೈ ಹಾಕಿದ. ತಳ ಒಣಗಿತ್ತು. ಎಲ್ಲೂ ತೂತಿಲ್ಲ.

"ಭಾಗ್ಯಾ..." ಅಂದ ಪರಸಪ್ಪ. ಆ ರಾತ್ರಿ ಅವನು ಆಡಿದ ಮೊದಲ ಮಾತು ಅದು. ಗುಡ್ಡ ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಆಲದ ಕೆಳಗೆ ಒಂದು ಮೋಟರ್‌ಸೈಕಲ್ ಮಗ್ಗುಲಾಗಿ ಬಿದ್ದಿತ್ತು. ಇಂಡಿಕೇಟರ್ ಇನ್ನೂ ಮಿಣುಕುತ್ತಿತ್ತು, ಟಿಕ್... ಟಿಕ್. ಮನುಷ್ಯ ಇರಲಿಲ್ಲ. ಡಾಂಬರು ರಸ್ತೆಗೆ ಓಡಿ, ಹಾಲಿನ ಗಾಡಿಗೆ ಕೈ ಮಾಡಿ ಗೋಕಾಕ ಮುಟ್ಟುವಷ್ಟರಲ್ಲಿ ಬೆಳಕು ಹರಿದಿತ್ತು.

ಯಲ್ಲಕ್ಕ ಬಾಗಿಲಲ್ಲೇ ಎದುರಾದಳು. "ಹೆಣ್ಣ ಕೂಸು! ತಾಯಿ ಕೂಸು ಇಬ್ರೂ ಆರಾಮ ಅದಾರ. ನಿಮ್ಮ ಹರಕಿ ಮುಟ್ಟಿತ ನೋಡ್ರಿ!"

ದೇವರಿಗೆ ನೀರೇ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಪಡಸಾಲೆಯ ಮಂಚದ ಮೇಲೆ ತಲೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಒಬ್ಬ ಎದ್ದು ಕೂತು ಕೈ ಮುಗಿದ. ಮೂಡಲಗಿಯ ಓಂಕಾರ ಅಂತ ಅವನ ಹೆಸರು.

"ಸಿಸ್ಟರ್, ಇವರರೀ! ಇವರನ ಆಲದ ಕೆಳಗ ನನಗ ನೀರ ಕುಡಿಸಿದಾವ್ರು. ಹೆಗಲ ಮ್ಯಾಲ ಹೊತ್ತ ಡಾಂಬರ ರಸ್ತಾಕ ತಂದ್ರು. ಕಬ್ಬಿನ ಟ್ರ್ಯಾಕ್ಟರ ಅಡ್ಡಗಟ್ಟಿ ಹತ್ತಿಸಿದ್ರು. ಹೆಸರ ಕೇಳಿದ್ರ ಹೇಳಲಿಲ್ಲ. ಒಂದ ಮಾತ ಆಡಲಿಲ್ರಿ!"

"ನಾ ಅಲ್ರೀ," ಅಂದ ಪರಸಪ್ಪ. "ನಾ ನೀರ ಕೊಡಲಿಲ್ಲ. ದೆವ್ವ ಅಂತ ತಿಳದ ಹ್ವಾದೆ."

"ನೋಡ್ರಿ, ದೊಡ್ಡ ಮನಸಿನಾವ್ರು ಹಿಂಗ ಇರತಾರ," ಅಂದಳು ಸಿಸ್ಟರ್.

"ಹಣಿ ಮ್ಯಾಲ ಭಂಡಾರ, ಮೈಮ್ಯಾಲ ಒದ್ದಿ ಧೋತರ... ನಾ ಮರೀತೇನೇನ್ರಿ? ದೇವರ ಅನ್ನಾವ್ರ ಇದ್ರ ಹಿಂಗಿರಬೇಕು."

"ಅಲ್ರೀ, ನಾ ಅಲ್ಲ!"

ಅವನು ಅಲ್ಲ ಅಂದಷ್ಟೂ ಮಂದಿ ಕೈ ಮುಗಿದರು. ಯಲ್ಲಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪರಸಪ್ಪ ಗೋಡೆಗೆ ಒರಗಿದ.

ಹುಕ್ಕೇರಿಯಿಂದ ರಾತ್ರಿಯೇ ಬಂದು ಅಲ್ಲಿದ್ದ ಅಜಿತ ಅವನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋದ. ಪಿಸುಗುಟ್ಟಿದ.

"ಮಾವಾ, ಖರೆ ಹೇಳ. ನೀ ಅಲ್ಲೇನ?"

"ಅಲ್ಲೋ."

"ದೆವ್ವ ಅಂತೀ... ದೆವ್ವಕ್ಕ ಇಂಡಿಕೇಟರ ಇರತೈತೇನ?"

ಅಜಿತ ನಗುತ್ತಾನೆ ಅಂತ ಪರಸಪ್ಪ ಅಂದುಕೊಂಡಿದ್ದ. ನಗಲಿಲ್ಲ.

"ನಾನೂ ನೋಡಿದ್ದೆ, ಮಾವಾ. ಅದ ದಾರೀಲೆ ಬಂದೆ. ಲೈಟ ಬಿತ್ತ ಅಂವನ ಮ್ಯಾಲ. ಪೊಲೀಸ ಕೇಸ ಆಗತೈತಿ, ಸಾಕ್ಷಿ ಅಂತ ಅಡ್ಡಾಡಸ್ತಾರ ಅಂತ ಗಾಡಿ ಓಡಿಸಿದೆ. ನನಗಂತೂ ನಿಂದರಬ್ಯಾಡ ಅಂತ ಯಾವ ದೇವರೂ ಹೇಳಿರಲಿಲ್ಲ."

"ಹಂಗಾರ... ಯಾರ?"

"ಮೆಲ್ಲಕ..." ಅಂದ ಅಜಿತ. ಹಿಂದೆ ಮುಂದೆ ಕತ್ತು ತಿರುಗಿಸಿ ನೋಡಿದ.

ಪರಸಪ್ಪ ಈಗಲೂ ಭಂಡಾರ ಹಚ್ಚುತ್ತಾನೆ. ಆದರೆ ಯಾರಾದರೂ ದೈವಭಕ್ತ ಅಂದರೆ ಊಟದ ನಡುವೆಯೂ ಎದ್ದು ಹೋಗುತ್ತಾನೆ. ಅಮಾವಾಸ್ಯೆಗೆ ಕೊಡ ಹೊತ್ತು ಹೋದರೆ ಆಲದ ಕೆಳಗೆ ನೆಲಕ್ಕಿಳಿಸಿ, "ಯಾರರ ಅದೀರೇನ್ರಿ?" ಅಂತ ಕೇಳಿಯೇ ಮುಂದೆ ಹೋಗುವುದು.

ಸುಳ್ಳು ಅಂತೀರಿ? ಅನ್ರಿ. ಮೊಸಳೆಯದು ಬೇಕಾದರೆ ಸುಳ್ಳು ಅನ್ರಿ. ಇದು ನಡೆದದ್ದು. ಆ ರಾತ್ರಿ ಕೊಡದ ಕೆಳಗೆ ಹೆಗಲಿಗೆ ಹಾಕಿದ್ದ ಕಂಬಳಿ ಈಗ ನಮ್ಮ ಮನೆಯಲ್ಲಿದೆ. ಅವನು ಒಲ್ಲೆ ಅಂದ. ನಾನು ತಂದಿಟ್ಟೆ, ಧೈರ್ಯಸ್ಥ ನೋಡ್ರಿ... ಹೊದ್ದಿಲ್ಲ ಮಾತ್ರ. ಕರಿ ಕಂಬಳಿ, ಕಣ್ಣಿಗೆ ಏನೂ ಕಾಣುವುದಿಲ್ಲ. ಕೈಯಾಡಿಸಿದರೆ ಗೊತ್ತಾಗುತ್ತದೆ. ಯಲ್ಲಕ್ಕ ಹೊಳೆಯಲ್ಲಿ ಎಷ್ಟು ಸಲ ಒಗೆದರೂ, ಕೊಡ ಕೂತ ಜಾಗದಲ್ಲಿ, ಮನುಷ್ಯನ ತಲೆ ಒರಗುವಷ್ಟು ಅಗಲ, ರಕ್ತ ಒಣಗಿ ಗಟ್ಟಿಯಾಗಿದೆ.