ಪುಟ್ಟಿಯ ಮಾತಿನ ಪೆಟ್ಟಿಗೆ

ಹಿರಿಯರೇ, ಪೋಷಕರೇ, ಮಕ್ಕಳೇ — ಎಲ್ಲರಿಗಿಂತ ಮೊದಲು, ಮುಂದಿನ ಸಾಲಿನಲ್ಲಿ ಕುಳಿತಿರುವ ರೇಡಿಯೋ ಮಾಮನ ಪತ್ನಿ, ನಮ್ಮ ಅಕ್ಕನಿಗೂ ಅವರ ಮಗಳಿಗೂ ನನ್ನ ನಮಸ್ಕಾರ.

ನಮ್ಮ ಶಾಲೆಯ ಎಲೆಕ್ಟ್ರಿಷಿಯನ್, ಮಕ್ಕಳೆಲ್ಲರ ರೇಡಿಯೋ ಮಾಮ, ಇನ್ನಿಲ್ಲ. ಫ್ಯಾನ್ ರಿಪೇರಿಗೆಂದು ಬಂದವರು ಹನ್ನೊಂದು ವರ್ಷ ಇಲ್ಲೇ ಉಳಿದುಬಿಟ್ಟರು. ಮಾತು ಬಾರದ ಮಕ್ಕಳಿಗೆ ಮಾತಾಡುವ ಪೆಟ್ಟಿಗೆ ಮಾಡಿಕೊಟ್ಟರು — ಪ್ಲಾಸ್ಟಿಕ್ ಊಟದ ಡಬ್ಬಿ, ಹಳೆಯ ಆಟಿಕೆಯ ಸ್ಪೀಕರ್, ಸೆಟೆದ ಕೈಯಲ್ಲೂ ಒತ್ತಬಹುದಾದ ಇಷ್ಟಿಷ್ಟು ದೊಡ್ಡ ಗುಂಡಿಗಳು. ಅಂಗಡಿಯಲ್ಲಿ ಅಂಥದ್ದರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಾಮನದ್ದು ಒಂದು ಜೊತೆ ಚಪ್ಪಲಿಯ ಖರ್ಚು.

ನನ್ನ ಮೂರನೇ ತರಗತಿಯ ಪುಟ್ಟಿ ಮೊದಲ ಸಲ ಗುಂಡಿ ಒತ್ತಿ 'ನಾನೂ ಆಟಕ್ಕೆ ಬರ್ತೀನಿ' ಎಂದಾಗ, ಮಕ್ಕಳು ಅವಳ ಗಾಲಿಕುರ್ಚಿಯನ್ನು ತಳ್ಳಿಕೊಂಡೇ ಓಡಿದರು. ಈಗ ಔಟೋ ಅಲ್ಲವೋ ಎಂದು ತೀರ್ಪು ಕೊಡುವವಳು ಅವಳೇ. ಮೋಸವನ್ನೂ ಮಾಡುತ್ತಾಳೆ!

ಇವತ್ತು ಒಂದು ವಿಷಯ ಹೇಳಲೇಬೇಕು — ಹೇಳಲು ಭಯವಾಗುತ್ತಿದೆ.

ಹೋದ ವರ್ಷ, ಪರೀಕ್ಷೆಯ ದಿನ. ಪುಟ್ಟಿಯ ಪೆಟ್ಟಿಗೆ ಕೂಗಿತು — 'ಉಸಿರು ಕಟ್ತಿದೆ.' ಮತ್ತೆ ಕೂಗಿತು. ಮತ್ತೆ. ಆ ಗುಂಡಿ ಒತ್ತಿ ನಮ್ಮನ್ನು ಹೆದರಿಸಿ ನಗುವುದು ಅವಳಿಗೆ ಅಭ್ಯಾಸ. 'ಸಾಕು ನಿನ್ನ ಚೇಷ್ಟೆ' ಎಂದೆ. ಹಿಂದಿನಿಂದ ಹೋಗಿ, ಹೀಗೆ, ಪೆಟ್ಟಿಗೆಯ ಹಿಂಬದಿಯ ಸ್ವಿಚ್ ಆರಿಸಿದೆ. ಅವಳ ಮುಖ ನೋಡಲಿಲ್ಲ.

ಆಮೇಲೆ ಬರೀ ಟಕ್ — ಟಕ್. ಸದ್ದು ಹೊರಡದ ಗುಂಡಿಯನ್ನು ಅವಳು ಒತ್ತುತ್ತಲೇ ಇದ್ದಳು.

ವರಾಂಡದಲ್ಲಿ ಏಣಿ ಹತ್ತಿದ್ದ ಮಾಮ ಓಡಿ ಬಂದರು. 'ಮೇಡಂ, ಅದ್ಯಾಕೆ ನಿಂತೋಯ್ತು?'

ಆಗ ತಿರುಗಿ ನೋಡಿದೆ. ಪುಟ್ಟಿಯ ತುಟಿ ನೀಲಿಗಟ್ಟಿತ್ತು. ಮಾಮ ಅವಳನ್ನು ಬೋರಲು ಹಿಡಿದು ಬೆನ್ನಿಗೆ ಗುದ್ದಿದರು — ಒಂದು, ಎರಡು, ಐದು. ರಬ್ಬರಿನ ತುಂಡು ನೆಲಕ್ಕೆ ಬಿತ್ತು. ಅವಳು ಅತ್ತಳು.

ಸಂಜೆ ಮಾಮ ಆ ಸ್ವಿಚ್ಚನ್ನು ಕಿತ್ತು ಅವಳ ಬಲಗೈ ಪಕ್ಕಕ್ಕೆ ಹಾಕಿದರು. ನನ್ನನ್ನು ಬೈಯಲಿಲ್ಲ. 'ಆರಿಸೋದಾದ್ರೆ ಅವಳೇ ಆರಿಸ್ಕೊಳ್ಲಿ, ಮೇಡಂ. ನಮ್ಮ ಬಾಯಿಗೆ ಬೇರೆಯವರು ಸ್ವಿಚ್ ಹಾಕಿದ್ರೆ ಸುಮ್ನಿರ್ತೀವಾ?'

ಪುಟ್ಟಿಯ ಅಮ್ಮ ಇಲ್ಲೇ ಇದ್ದಾರೆ. ಅಮ್ಮಾ, ಗಂಟಲಲ್ಲಿ ರಬ್ಬರ್ ಸಿಕ್ಕಿಕೊಂಡದ್ದು ನಿಮಗೆ ಗೊತ್ತು. ಪೆಟ್ಟಿಗೆಯ ಬಾಯಿ ಮುಚ್ಚಿಸಿದ್ದು ನಾನೆಂದು ಗೊತ್ತಿರಲಿಲ್ಲ. ಕ್ಷಮಿಸಿ.

ಮಾಮ ಹೋದ ಮೇಲೆ ನನಗೆ ಭಯ ಇನ್ನೂ ಹೆಚ್ಚಾಗಿದೆ. ಅಂಥ ಹದಿನಾಲ್ಕು ಪೆಟ್ಟಿಗೆಗಳಿವೆ. ಸೋಮವಾರ ಒಂದರ ವೈರ್ ಬಿಟ್ಟುಕೊಂಡಿತು. ನಾನೇ ಬಿಚ್ಚಿದೆ, ವೈರಿಗೆ ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ. ಅದು ಇನ್ನೂ ಮಾತಾಡುತ್ತಿಲ್ಲ. ಅದರ ಹುಡುಗ ನಾಲ್ಕು ದಿನದಿಂದ ತರಗತಿಯಲ್ಲಿ ಸುಮ್ಮನೆ ಕೂತಿದ್ದಾನೆ.

ಅಕ್ಕಾ, ಅವರ ಸಲಕರಣೆಯ ಚೀಲವನ್ನು ಯಾರಿಗೆ ಕೊಡಲಿ ಎಂದು ನಿನ್ನೆ ಕೇಳಿದಿರಿ. ನನಗೆ ಕೊಡಿ. ಭಯವಿದೆ — ಆದರೂ ಕೊಡಿ. ಕಲಿಯುತ್ತೇನೆ.

ಈಗ, ನಿಲ್ಲಲು ಆಗುವವರೆಲ್ಲ ಎದ್ದು ನಿಲ್ಲಿ. ಆಗದವರು ಕುಳಿತೇ ಇರಿ. ಎರಡು ನಿಮಿಷ — ಮಾಮನಿಗಾಗಿ ಮೌನ.